ಊರಿಗೊಂದೇ ನವಣೆ ಹೊಲ

"ಹೋ... ಹೋ..." ಎಂದು ಕೂಗುತ್ತಾ ಕಾಂಚನಾ ತಗಡಿನ ಡಬ್ಬ ಬಡಿದಳು. ನವಣೆ ತೆನೆಗಳ ಮೇಲೆ ಕೂತಿದ್ದ ಗುಬ್ಬಿಗಳು ಒಟ್ಟಿಗೆ ಮೇಲೆದ್ದವು. ಒಂದು ಸುತ್ತು ಹಾಕಿ, ಹೊಲದ ಆ ಕೊನೆಯಲ್ಲಿ ಮತ್ತೆ ಇಳಿದವು.

ಪರಶುರಾಂಪುರದ ಹತ್ತಿರದ ಆ ಅರ್ಧ ಎಕರೆ ಅಜ್ಜಿ ಬೊಮ್ಮಕ್ಕನದು. ಸುತ್ತ ಎಲ್ಲಿ ನೋಡಿದರೂ ಶೇಂಗಾ. ನವಣೆ ಇದ್ದದ್ದು ಇದೊಂದೇ ಹೊಲದಲ್ಲಿ, ಅದೂ ಕೆಂಪು ನವಣೆ. ಅಜ್ಜಿ ಮದುವೆಯಾಗಿ ಬಂದಾಗ ತವರಿನಿಂದ ತಂದ ಬೀಜ. ಒಂದು ವರ್ಷವೂ ಅದನ್ನು ಬಿತ್ತದೆ ಬಿಟ್ಟಿರಲಿಲ್ಲ. ಈಗ ತವರಿನಲ್ಲೂ ಆ ಬೀಜ ಉಳಿದಿಲ್ಲವಂತೆ.

ಕೊಯ್ಲಿಗೆ ಇನ್ನು ನಾಲ್ಕು ದಿನವಿತ್ತು. ಅಪ್ಪ, ಅವ್ವ ಬೆಳಗಿನ ಬಸ್ಸಿಗೆ ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಹೋಗುತ್ತಿದ್ದರು. ಅಜ್ಜಿಗೆ ಮಂಡಿ ನೋವು, ಬಿಸಿಲೇರಿದ ಮೇಲೆ ನಿಧಾನವಾಗಿ ಬರುತ್ತಿದ್ದಳು. ಅಲ್ಲಿಯವರೆಗೆ ಹಕ್ಕಿ ಕಾಯುವುದು ಕಾಂಚನಾಳ ಕೆಲಸ.

ಅಷ್ಟರಲ್ಲಿ ರಸ್ತೆಯಿಂದ ಸೈಕಲ್ ಬೆಲ್ ಕೇಳಿಸಿತು. ಪಕ್ಕದ ಹೊಲದ ಬೋರಣ್ಣನ ಮಗ ಲೋಹಿತ. ಇವಳ ಕ್ಲಾಸೇ.

"ಖೊಖೊ ಸೆಲೆಕ್ಷನ್ ಈಗ್ಲೇ ಐತಂತೆ. ಲೇಟಾದ್ರೆ ಪಿ.ಟಿ. ಸರ್ ಹೆಸ್ರು ಹೊಡೆದಾಕ್ತಾರೆ. ಬರ್ತೀಯಾ?"

ಕಾಂಚನಾ ಊರಿನ ದಾರಿ ನೋಡಿದಳು. ಅಜ್ಜಿ ಕಾಣಲಿಲ್ಲ. ಇನ್ನರ್ಧ ಗಂಟೆಯಲ್ಲಿ ಬಂದೇ ಬರುತ್ತಾಳೆ, ಅಷ್ಟರಲ್ಲಿ ಗುಬ್ಬಿಗಳು ಎಷ್ಟು ತಾನೇ ತಿಂದಾವು ಎಂದುಕೊಂಡು ಸೈಕಲ್ ಹತ್ತಿದಳು.

ಅವಳು ಟೀಮಿಗೆ ಆಯ್ಕೆಯಾದಳು. ಅದನ್ನು ಹೇಳಲು ಸಂಜೆ ಹೊಲಕ್ಕೆ ಓಡಿ ಬಂದಳು. ಪಡುವಣ ಬದುವಿನ ಕಡೆ ತೆನೆಗಳು ನೆಟ್ಟಗೆ ನಿಂತಿದ್ದವು. ಕಾಳು ತುಂಬಿದ ತೆನೆ ಬಾಗಿರುತ್ತದೆ ಎಂದು ಅವಳಿಗೆ ಗೊತ್ತು. ಆ ದಿನ ಮಂಡಿ ಊದಿಕೊಂಡು, ಅಜ್ಜಿ ಹೊಲಕ್ಕೆ ಬರುವಾಗ ಮಧ್ಯಾಹ್ನವಾಗಿತ್ತು.

ಹಕ್ಕಿ ಜಾಸ್ತಿ ಇದ್ದವು, ಓಡಿಸಿದರೂ ಹೋಗಲಿಲ್ಲ ಎಂದು ಹೇಳಬಹುದಿತ್ತು. ಕೇಳಿದರೆ ಹಾಗೇ ಹೇಳುತ್ತಿದ್ದಳೇನೋ. ಆದರೆ ಅಜ್ಜಿ ಏನೂ ಕೇಳಲಿಲ್ಲ.

"ನಾನೇ ಬಿಟ್ಟೋಗಿದ್ದೆ ಅಜ್ಜಿ," ಎಂದಳು ಕಾಂಚನಾ.

ಬೊಮ್ಮಕ್ಕ ಒಂದು ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿದಳು. ಬರೀ ಹೊಟ್ಟು.

"ಮನೆಗೆ ಬಂದು ಒಂದ್ಮಾತು ಹೇಳಿದ್ರೆ, ಕುಂಟ್ಕೊಂಡಾದ್ರೂ ಬರ್ತಿದ್ದೆ ಮಗಾ," ಎಂದಳು. ಅಂಗೈಯ ಹೊಟ್ಟು ಊದಿ, ಟೀಮಿನಲ್ಲಿ ಹೆಸರು ಬಂತಾ ಎಂದು ಕೇಳಿದಳು. ಕಾಂಚನಾಗೆ ಅಳು ಬಂತು.

ಉಳಿದ ದಿನಗಳಲ್ಲಿ ಅಜ್ಜಿ ಬರುವವರೆಗೂ ಅವಳು ಹೊಲ ಬಿಟ್ಟು ಕದಲಲಿಲ್ಲ. ಪಿ.ಟಿ. ಸರ್‌ಗೆ ಹೇಳಿ ಪ್ರಾಕ್ಟೀಸಿಗೆ ಸಂಜೆ ಹೋದಳು.

ಕೊಯ್ಲಿನ ದಿನ ಅಜ್ಜಿ ಎಲ್ಲರಿಗಿಂತ ಮುಂದೆ ಹೊಲದಲ್ಲಿ ನಡೆದು, ಉದ್ದನೆಯ ತುಂಬಿದ ತೆನೆಗಳನ್ನು ಬೀಜಕ್ಕೆಂದು ಆರಿಸಿದಳು. ಒಣಗಿಸಿ, ಬಡಿದು, ಬೂದಿ ಬೆರೆಸಿದ ಮೇಲೆ ನಾಲ್ಕು ಸೇರು ಬೀಜವಾಯಿತು. ಊಟಕ್ಕೆ ಕಳೆದ ವರ್ಷದ ಅರ್ಧದಷ್ಟು ಮಾತ್ರ ಉಳಿಯಿತು.

ಆ ವಾರವೇ ಬೋರಣ್ಣ ಮನೆಗೆ ಬಂದ. ವರ್ಷ ವರ್ಷ ಶೇಂಗಾವನ್ನೇ ಹಾಕಿ ಹೊಲ ಸೋತಿದೆ, ಬರುವ ಮುಂಗಾರಿಗೆ ಅರ್ಧ ಎಕರೆ ನವಣೆ ಬಿತ್ತುತ್ತೇನೆ, ಎರಡು ಸೇರು ಬೀಜ ಕೊಡಬೇಕು ಎಂದ. ಅಜ್ಜಿ ಹೂಂ ಎಂದು ಒಳಗೆ ಹೋಗಿ ಮಡಕೆ ಇಳಿಸಿದಳು.

ಕಾಂಚನಾ ಅವಳ ಹಿಂದೆಯೇ ಹೋದಳು. "ನಮ್ಗೇ ಕಮ್ಮಿ ಐತೆ. ಯಾಕ್ ಕೊಡ್ತೀಯಾ?" ಎಂದು ಪಿಸುಗುಟ್ಟಿದಳು.

"ನಾನು ಸಣ್ಣಾಕಿ ಇದ್ದಾಗ ಎಲ್ರ ಹೊಲ್ದಾಗೂ ನವಣೆ ಇತ್ತು," ಎಂದಳು ಅಜ್ಜಿ. "ಹಕ್ಕಿ ಒಬ್ಬೊಬ್ರತ್ರ ಒಂದೀಟು ತಿಂದು ಹೋಗ್ತಿದ್ವು. ಈಗ ಎಲ್ಲಾ ನಮ್ಮತ್ರಾನೇ ಬರ್ಬೇಕು. ಅವಾದ್ರೂ ಎಲ್ಲಿಗೋಗ್ತಾವೆ?"

ಕಾಂಚನಾ ಮಡಕೆಯೊಳಗೆ ಇಣುಕಿದಳು. ಅಂದು ಹಕ್ಕಿಗಳು ಪಡುವಣ ಕಡೆಗಷ್ಟೇ ನಿಲ್ಲದೆ ಇಡೀ ಹೊಲ ತಿಂದಿದ್ದರೆ? ಬೀಜ ಕೇಳಲು ಅಜ್ಜಿ ಯಾರ ಮನೆಗೆ ಹೋಗಬೇಕಿತ್ತು? ಎಷ್ಟು ಯೋಚಿಸಿದರೂ ಒಂದು ಮನೆಯೂ ಹೊಳೆಯಲಿಲ್ಲ.

ಜಗಲಿಯ ಮೇಲೆ ಅಜ್ಜಿ ಸೇರಿನಲ್ಲಿ ಬೀಜ ಅಳೆದು ಸುರಿಯುವಾಗ, ಕಾಂಚನಾ ಬೋರಣ್ಣನ ಚೀಲದ ಬಾಯಿ ಹಿಡಿದುಕೊಂಡು ಕೂತಳು. ನಾಲ್ಕಾರು ಕಾಳು ನೆಲಕ್ಕೆ ಬಿದ್ದವು. ಅವನ್ನು ಒಂದೊಂದಾಗಿ ಆರಿಸಿ ಅವಳು ಬೋರಣ್ಣನ ಚೀಲಕ್ಕೇ ಹಾಕಿದಳು.