ಬಿಷಪ್ಪರನ್ನು ಕೇಳಬೇಕು

"ರೀ, ಎರಡನೇ ಚರಣದಲ್ಲಿ ಕೆಮ್ಮೋರು ಯಾರು?"

ತಿಪಟೂರಿನ ಕ್ರೈಸ್ತರೆಲ್ಲ ಸೇರಿ ನಡೆಸಿದ ಕ್ರಿಸ್ಮಸ್ ಕೂಟದಲ್ಲಿ, ಹಾಡಿ ಕೆಳಗಿಳಿಯುತ್ತಿದ್ದ ಇನ್ನಾಸಿಯನ್ನು ತಡೆದು ಜಯಶೀಲಾ ಕೇಳಿದ್ದು ಇದನ್ನೇ. ಅವನು ಯೂಟ್ಯೂಬಿಗೆ ಹಾಕಿದ್ದ ಆರು ಪಾಪ್ ಹಾಡುಗಳನ್ನು ಊರಲ್ಲಿ ಯಾರೂ ಕಿವಿಗೊಟ್ಟು ಕೇಳಿರಲಿಲ್ಲ. ಇವಳು ಕೇಳಿದ್ದಳು... ಕೆಮ್ಮಿನ ಸಮೇತ.

ಇನ್ನಾಸಿ ಬೆರಗಾದ. "ನಮ್ಮವ್ವ ಕಣ್ರೀ. ಕೊಬ್ಬರಿ ಅಟ್ಟದ ಕೆಳಗೇ ರೆಕಾರ್ಡ್ ಮಾಡಿದ್ದು. ಧೂಳು."

"ತೆಗೀಬ್ಯಾಡಿ. ಹಾಡಿಗಿಂತ ಅದೇ ಚೆನ್ನಾಗೈತೆ."

ದೇವರು ಕೆಲವರನ್ನು ಹೀಗೂ ಸೇರಿಸುತ್ತಾನೆ.

ವರ್ಷ ಕಳೆದು ಅವನು ಹೆಣ್ಣು ಕೇಳಲು ಬಂದ. ಅವನು ಕಥೋಲಿಕ. ಅವಳ ತಂದೆ ದೇವಪುತ್ರಪ್ಪ ಪ್ರೊಟೆಸ್ಟೆಂಟ್ ಸಭೆಯ ಹಿರಿಯರು. ಚಕ್ಕುಲಿ ಮುರಿಯುವ ಮೊದಲೇ ಅವರು ಮಾತು ಮುರಿದರು.

"ಮದುವೆ ನಮ್ಮ ಚರ್ಚಲ್ಲೇ ಆಗ್ಬೇಕು. ವೇದಪುಸ್ತಕದಲ್ಲಿ ಅದಕ್ಕೇನೂ ಅಡ್ಡಿಯಿಲ್ಲ. ಏನಂತೀಯಪ್ಪ?"

"ನಮ್ಮ ಬಿಷಪ್ಪರನ್ನ ಕೇಳ್ಬೇಕು."

"ದೇವರ ವಾಕ್ಯದ ಮೇಲೆ ಇನ್ನೊಬ್ಬರ ಅಪ್ಪಣೆಯಾ? ಹೋಗು, ಅವರನ್ನೇ ಮದುವೆಯಾಗು."

ಇನ್ನಾಸಿ ಕೈಮುಗಿದು ಎದ್ದ. ಅಡುಗೆಮನೆಯ ಬಾಗಿಲಲ್ಲಿದ್ದ ಜಯಶೀಲಾ, ಒಮ್ಮೆ ತಿರುಗಿ ನೋಡಿಯಾನೆಂದು ಕಾದಳು. ಅವನು ನೋಡಲಿಲ್ಲ.

'ನನಗಿಂತ ಅವರ ಮಾತೇ ದೊಡ್ಡದಾಯ್ತಾ...?'

ಐದು ತಿಂಗಳು ಫೋನಿಲ್ಲ. ದಿನವೂ ತಾನು ಟೀಚರಾಗಿದ್ದ ಶಾಲೆಯಿಂದ ತೋಟದ ದಾರಿಯಲ್ಲಿ ಬರುವಾಗ ಯಾರಿಗೂ ಬೇಡವಾದ ಆ ಆರು ಹಾಡುಗಳು ಅವಳ ಕಿವಿಯಲ್ಲಿ. ಕೆಮ್ಮು ಕೇಳಿದಾಗ ಕಣ್ಣು ತುಂಬುತ್ತಿತ್ತು. ಇನ್ನೂ ಅತ್ತೆಯೇ ಆಗದವರ ಕೆಮ್ಮಿಗೆ ಅಳುವವರುಂಟೇ? ಅವಳು ಅತ್ತಳು. ಮೊಣಕಾಲೂರಿ ಪ್ರಾರ್ಥಿಸಿದಳು. ಏನು ಬೇಡಬೇಕೆಂದು ಮಾತ್ರ ತಿಳಿಯದು.

ಒಂದು ಭಾನುವಾರ ಮಧ್ಯಾಹ್ನ ಇನ್ನಾಸಿ ಗೇಟಿನ ಬಳಿ ನಿಂತಿದ್ದ. ಕೈಯಲ್ಲಿ ಲಕೋಟೆ.

"ನಿಮ್ಮ ಚರ್ಚಲ್ಲೇ ಮದುವೆಯಾಗೋಕೆ ಬಿಷಪ್ಪರು ಅನುಮತಿ ಕೊಟ್ಟವ್ರೆ."

ಜಯಶೀಲಾ ಒಳಗಿನಿಂದ ಬಂದು ಗೇಟಿನ ಕಂಬಿ ಹಿಡಿದಳು. "ಅವತ್ತು ನೀವು ಕೇಳ್ಬೇಕು ಅಂದಿದ್ದು...?"

"ಇದನ್ನೇ. ಬೇರೆ ಚರ್ಚಲ್ಲಿ ಮದುವೆಯಾಗೋಕೆ ನಮಗೆ ಅವರ ಅಪ್ಪಣೆ ಬೇಕು. ಅವರ ಮಾತು ನಾನು ಮೀರಲಾರೆ ಶೀಲಾ. ನಿನ್ನನ್ನ ಬಿಡಲಾರೆ. ಅದಕ್ಕೇ ಆರು ಸಲ ಹೋಗಿ ಕೇಳ್ದೆ. ಸಿಗದೇ ಹೋದ್ರೆ ನಿಂಗೆ ಸುಳ್ಳು ಆಸೆ ಹುಟ್ಟಿಸಿದಂಗಾಗ್ತದೆ ಅಂತ ಸುಮ್ಮನಿದ್ದೆ."

"ನಂಗೊಂದು ಫೋನ್ ಮಾಡೋಕೆ ಯಾರ ಅಪ್ಪಣೆ ಬೇಕಿತ್ರೀ?"

ಅವನು ತಲೆ ತಗ್ಗಿಸಿದ. "ತಪ್ಪಾಯ್ತು."

ಅವಳು ಕಣ್ಣೊರೆಸಿಕೊಂಡು ಗೇಟಿನ ಚಿಲಕ ತೆಗೆದಳು.

"ಬನ್ನಿ. ಅಪ್ಪ ಊಟಕ್ಕೆ ಕೂತವ್ರೆ."

"ಮತ್ತೆ ವಾದ ಶುರು ಮಾಡ್ತಾರೆ."

"ಮಾಡ್ಲಿ ಬುಡಿ. ಈ ಸಲ ನಾನು ಬಾಗ್ಲಲ್ಲಿ ನಿಂತಿರಲ್ಲ. ನಿಮ್ಮ ಪಕ್ಕ ಕೂತಿರ್ತೀನಿ."