ರಬ್ಬರ್ ಪ್ಲೇಟು

ಕಾರಿಗೆ ಪಾಲಿಶು ಹೊಡೆಯುವ ಉಣ್ಣೆಯ ಪ್ಯಾಡನ್ನು ತೊಡೆಯ ಮೇಲಿಟ್ಟುಕೊಂಡು ಶೇಖವ್ವ ಬ್ರಷ್ಷಿನಿಂದ ಉಜ್ಜುತ್ತಿದ್ದಳು. ಒಣಗಿದ ಪಾಲಿಶು ಉದುರುವುದು ಆಗಲೇ ನಿಂತಿತ್ತು. ಆದರೂ ಕೈ ನಿಲ್ಲಲಿಲ್ಲ.

ಸವಣೂರಿನ ಅಕ್ಬರಸಾಬನ ಗ್ಯಾರೇಜಿನಲ್ಲಿ ಪ್ಯಾಡು ತೊಳೆಯುವುದು, ಹರಿದದ್ದನ್ನು ಹೊಲಿಯುವುದು ಅವಳ ಕೆಲಸ. ಪ್ಯಾಡು ತಿರುಗಿಸುವ ಮಶೀನು ಹಿಡಿಯುತ್ತಿದ್ದವನು ಹತ್ತಿಮತ್ತೂರಿನ ಉಳಿವೆಪ್ಪ. ಅವನು ಹೋಗಿ ಹದಿನೆಂಟು ದಿನವಾಗಿತ್ತು.

ಪ್ಯಾಡಿನ ಹಿಂದೆ ಕೂಡಿಸಲು ಅವನ ಬಳಿ ಎರಡು ಪ್ಲೇಟುಗಳಿದ್ದವು. ಕಾರಿನ ಟಾಪು, ಬಾನೆಟ್ಟಿನಂಥ ಅಗಲ ಜಾಗಕ್ಕೆ ಗಟ್ಟಿ ಫೈಬರಿನದು. ಕೆಲಸ ಸರಸರ ಸಾಗುತ್ತಿತ್ತು. ಮಡಗಾರ್ಡಿನ ತಿರುವಿಗೆ ಬಾಗುವ ರಬ್ಬರಿನದು. ಗಟ್ಟಿಯದು ಅಲ್ಲಿ ಅಂಚಿಗೆ ತಾಗಿದರೆ ಬಣ್ಣವೇ ಸುಟ್ಟುಹೋಗುತ್ತಿತ್ತು. ರಬ್ಬರಿನ ಕೆಲಸ ಮಾತ್ರ ನಿಧಾನ.

ಇದೆಲ್ಲ ಗೊತ್ತಿದ್ದೂ ಉಳಿವೆಪ್ಪ ಪ್ರತಿ ಸಲ ಅವಳನ್ನೇ ಕೇಳುತ್ತಿದ್ದ.

"ಯಾವ್ದು ಹಾಕ್ಲಿ, ಶೇಖಿ?"

ಅವಳು ತಲೆ ಎತ್ತದೆ ಸರಿಯಾದದ್ದನ್ನೇ ಕೈಗಿಡುತ್ತಿದ್ದಳು. ಬೆರಳು ತಾಗಿದರೆ ಅವನು ಬೇಕೆಂದೇ ಒಂದು ಗಳಿಗೆ ತಡಮಾಡುತ್ತಿದ್ದ. ಐದನೇ ಇಯತ್ತೆಗೆ ಶಾಲೆ ಬಿಟ್ಟವಳು ಎಲ್ಲ ಬಿಟ್ಟು ಪ್ಲೇಟಿನ ಮಾಸ್ತರಾದಳೆಂದು ಅಕ್ಬರಸಾಬ ನಗುತ್ತಿದ್ದ.

ಅವನು ಹೋದ ಆ ದಿನ ಹಿರೇಕೆರೂರಿನ ಶ್ರೀಪಾದ ವಕೀಲರ ಬಿಳಿ ಅಂಬಾಸಿಡರ್ ನಿಂತಿತ್ತು. ಟಾಪೊಂದು ಮುಗಿದರೆ ಮೂರು ಗಂಟೆಗೆ ಉಳಿವೆಪ್ಪನೇ ಅದನ್ನು ಊರಿಗೆ ಮುಟ್ಟಿಸಬೇಕು. ಇನ್ನು ಸೋಮವಾರದವರೆಗೆ ಅವನ ಮುಖವಿಲ್ಲ. ಶೇಖವ್ವ ರಬ್ಬರ್ ಪ್ಲೇಟು ಕೊಟ್ಟಳು.

ಅವನು ಅದನ್ನು ಬಗ್ಗಿಸಿ ನೋಡಿದ. ಅವಳ ಕೆಂಪಾದ ಕಿವಿಯನ್ನು ನೋಡಿದ.

"ಟಾಪಿಗೆ ಇದ್ಯಾಕ? ನಾ ಲಗೂ ಹೋಗೂದು ಬ್ಯಾಡೇನು?"

ಅವಳು ಕಾಲ್ಬೆರಳಿನಿಂದ ನೆಲ ಕೆರೆದಳು. ಅವನು ಅದನ್ನೇ ಮಶೀನಿಗೆ ಕೂಡಿಸಿದ. ಅಂಗೈಯಗಲ, ಅಂಗೈಯಗಲ ಸರಿಯುತ್ತ, ನಡುನಡುವೆ ಅವಳತ್ತ ತಿರುಗುತ್ತ, ಸಂಜೆಯವರೆಗೂ ಪಾಲಿಶು ಹೊಡೆದ. ಹೊರಡುವಾಗ ಅರಿವೆಯಿಂದ ಕೈ ಒರೆಸಿಕೊಂಡು, "ಸೋಮವಾರ ನಿಮ್ಮವ್ವನ ಕಂಡು ಮಾತಾಡ್ತೇನಿ" ಎಂದ.

ಚಿಕ್ಕೇರೂರಿನ ಹತ್ತಿರ, ಮಬ್ಬುಗತ್ತಲಲ್ಲಿ, ಹತ್ತಿ ಹೇರಿದ ಟ್ರೇಲರೊಂದು ದೀಪವಿಲ್ಲದೆ ರಸ್ತೆಯಲ್ಲೇ ನಿಂತಿತ್ತಂತೆ. ಅಂಬಾಸಿಡರ್ ಅದರ ಹಿಂಬದಿಗೆ ನುಗ್ಗಿತ್ತು. ಮೂರಕ್ಕೆ ಹೊರಟಿದ್ದರೆ ಬಿಸಿಲಲ್ಲೇ ದಾಟಿ ಹೋಗುತ್ತಿದ್ದ. ಹಣೆಬರಹ ಎಂದರು ಎಲ್ಲರೂ. ಪ್ಲೇಟಿನ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ಅವಳೂ ಹೇಳಲಿಲ್ಲ.

ಅಂದಿನಿಂದ ಕರೆಂಟಿಲ್ಲದ ಹೊತ್ತಿನಲ್ಲೂ ಮಶೀನು ತಿರುಗುವ ಸದ್ದು ಅವಳಿಗೆ ಕೇಳುತ್ತಿತ್ತು. ನಿಧಾನದ ಸದ್ದು, ರಬ್ಬರಿನದು. ಅಕ್ಬರಸಾಬನನ್ನು ಕೇಳಿದರೆ ತನಗೇನೂ ಕೇಳದೆಂದು ಮುಖ ತಿರುಗಿಸಿದ.

ಈಗ ಅವನು ನಮಾಜಿಗೆ ಹೋಗಿದ್ದ. ಶೇಖವ್ವ ಪ್ಯಾಡು ಕೆಳಗಿಟ್ಟು ಎದ್ದಳು. ಬಾಗಿಲ ಬಳಿ ಯಾರದೋ ಕರಿ ಫಿಯೆಟ್ ನಿಂತಿತ್ತು. ಅದರ ಹೊಳೆಯುವ ಬಾಗಿಲಲ್ಲಿ ಅವಳ ಮುಖ ಕಂಡಿತು. ಹೆಗಲ ಹಿಂದೆ ಉಳಿವೆಪ್ಪ. ಹೊರಡುವವರ ಹಾಗೆ ಅರಿವೆಯಿಂದ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಿದ್ದ.

ತಿರುಗಿದರೆ ಇರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಕಾರಿನ ತಣ್ಣನೆ ತಗಡಿನ ಮೇಲೆ ಅಂಗೈ ಊರಿ, ಆ ದಿನ ಬಾಯಿ ಬಿಟ್ಟು ಕೇಳಬೇಕಿದ್ದುದನ್ನು ಮೆಲ್ಲಗೆ ಕೇಳಿದಳು.

"ಇನ್ನೊಂದು ತಾಸು ಇರ್ರಿ."