ಮುದ್ದಯ್ಯನಿಗೆ ಮೆತ್ತನೆಯ ಮಣ್ಣು

"ಮುದ್ದಯ್ಯನ್ನ ಕತ್ತಿನ ತನಕ ಹೂಳೋಕೆ ಒಳ್ಳೆ ಮಣ್ಣು ಬೇಕು ಕಣೇ! ಈಗಿರೋದು ಗಬ್ಬು ನಾರ್ತಾ ಇದೆ. ಹೀಗೇ ಬಿಟ್ರೆ ಅವನು ಸತ್ತೇ ಹೋಗ್ತಾನೆ..."

ತಂಗಿ ಅರ್ಪಿತಳಿಗೆ ಫೋನಿನಲ್ಲಿ ಇಷ್ಟು ಹೇಳಿ ರಮ್ಯಶ್ರೀ ತಲೆ ಎತ್ತಿದಳು. ಚಿಕ್ಕರಸಿನಕೆರೆಯ ಆ ನರ್ಸರಿಯಲ್ಲಿ, ಗುಲಾಬಿ ಕುಂಡಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದ ಹಿರಿಯರೊಬ್ಬರು ಟೀ ಲೋಟ ಬಾಯಿಗಿಟ್ಟವರು ಹಾಗೇ ಕಲ್ಲಾಗಿದ್ದರು!

"ಲೇ ಪ್ರೀತಮಾ! ಯಾರ್ಲಾ ಈವಮ್ಮ? ನನ್ನ ಊತಾಕಾಕೆ ನಮ್ಮತ್ರಾನೇ ಮಣ್ಣು ಕೇಳ್ತಾವ್ಳಲ್ಲೋ!"

ಗಿಡಗಳಿಗೆ ನೀರು ಬಿಡುತ್ತಿದ್ದ ಮಗ ಪ್ರೀತಂ ಪೈಪು ಹಿಡಿದೇ ಓಡಿಬಂದ. ನೀರೆಲ್ಲ ರಮ್ಯಶ್ರೀಯ ಚೂಡಿದಾರದ ಮೇಲೆ!

"ಏನ್ ಮೇಡಂ, ನಮ್ಮಪ್ಪ ನಿಮ್ಗೇನ್ ಮಾಡವ್ರೆ?"

"ಅಯ್ಯೋ, ನಿಮ್ಮಪ್ಪ ಅಲ್ಲ! ಮುದ್ದಯ್ಯ ಅಂದ್ರೆ ನಮ್ಮನೆ ಕಪ್ಪೆ..."

ಹಿರಿಯರು ಟೀ ಲೋಟ ಕೆಳಗಿಟ್ಟರು.

"ಕಪ್ಪೆಗೆ ನನ್ ಎಸ್ರಾ?" ಎಂದರು ಹಿರಿಯ ಮುದ್ದಯ್ಯ, ತುಂಬ ನೊಂದ ದನಿಯಲ್ಲಿ.

ಪ್ರೀತಂ ನಗು ತಡೆಯಲು ತುಟಿ ಕಚ್ಚಿಕೊಂಡ. ಒದ್ದೆ ಮುಖ ಒರೆಸಿಕೊಳ್ಳುತ್ತಿದ್ದ ರಮ್ಯಶ್ರೀಗೆ ಅವನ ಕಣ್ಣು ಕಂಡವು. 'ನೀರು ಹಾಕಿದ್ದಲ್ದೆ ನಗೋದು ಬೇರೆ... ಆದ್ರೂ ಎಷ್ಟು ಚೆನ್ನಾಗಿ ನಗ್ತಾನೆ!'

ರಮ್ಯಶ್ರೀ ಪೂರಿಗಾಲಿಯ ಹುಡುಗಿ. ನದಿದಂಡೆಯ ಊರು ಬ್ಲಫ್‌ನ ಜಲವಿದ್ಯುತ್ ಕೇಂದ್ರದಲ್ಲಿ ಇಂಜಿನಿಯರ್, ಅಲ್ಲೇ ಕ್ವಾರ್ಟರ್ಸ್‌ನಲ್ಲಿ ಒಬ್ಬಳೇ ವಾಸ. ಕಪ್ಪೆ ಮೊದಲು ಅರ್ಪಿತಳದ್ದು. ಮುಷ್ಟಿಗಾತ್ರದ, ಅಗಲ ಬಾಯಿಯ, ಕತ್ತಿನ ತನಕ ಮಣ್ಣಲ್ಲಿ ಹೂತುಕೊಂಡು ಕೂರುವ ವಿದೇಶಿ ತಳಿ. 'ಕಪ್ಪೆ ಬಂದರೆ ನಾನು ಮನೆ ಬಿಡ್ತೀನಿ' ಎಂದು ಅತ್ತೆ ಹೇಳಿದ್ದರಿಂದ ಅರ್ಪಿತ ಮದುವೆಯಾಗಿ ಹೋಗುವಾಗ ಅದನ್ನು ಅಕ್ಕನ ಮಡಿಲಿಗೆ ಹಾಕಿ ಹೋಗಿದ್ದಳು. ಡ್ಯೂಟಿ ಮುಗಿಸಿ ಬಂದರೆ ರಮ್ಯಶ್ರೀಗೆ ಮಾತಾಡಲು ಮನೆಯಲ್ಲಿದ್ದ ಜೀವ ಅದೊಂದೇ.

ಅವಳು ಫೋನಿನಲ್ಲಿ ತೋರಿಸಿದ ಕಪ್ಪೆಯ ಫೋಟೊ ನೋಡಿ ಪ್ರೀತಂ ಎರಡು ಹೆಜ್ಜೆ ಹಿಂದೆ ಸರಿದ. ಕಪ್ಪೆ ಎಂದರೆ ಅವನಿಗೆ ಜೀವಭಯ!

ಆದರೂ ಭಾನುವಾರ ಮಣ್ಣು, ಗಿಡ ಹೇರಿಕೊಂಡು ಬ್ಲಫ್‌ಗೆ ಬಂದ. ಕಪ್ಪೆಯಿದ್ದ ಗಾಜಿನ ಪೆಟ್ಟಿಗೆ ನೋಡಿ ಮೂಗು ಮುಚ್ಚಿಕೊಂಡ. ಒಳಗಿದ್ದ ಗಿಡದ ಬೇರೆಲ್ಲ ಕೊಳೆತು ಕಪ್ಪಾಗಿತ್ತು. ತಳದಲ್ಲಿ ನೀರು ನಿಂತಿತ್ತು.

"ಏನ್ ಮೇಡಂ, ನದಿ ನೀರ್ನೇ ಅಂಕೆಲಿ ಇಡೋರು ನೀವು. ಇಲ್ಲಿ ನೀರು ಇಳ್ಯಾಕೆ ದಾರಿನೇ ಬುಟ್ಟಿಲ್ವಲ್ಲ!"

"ಇದಕ್ಕೆ ಗೇಟ್ ಎಲ್ಲಿ ಇಡ್ಲಿ ಹೇಳಿ!"

ಕಪ್ಪೆಯನ್ನು ಬಕೆಟ್ಟಿನಲ್ಲಿಟ್ಟು ಮುಚ್ಚಿದರು. ಮುಚ್ಚಳದ ಮೇಲೆ ಪ್ರೀತಂ ಒಂದು ಇಟ್ಟಿಗೆಯನ್ನೂ ಹೇರಿದ, ಧೈರ್ಯಕ್ಕೆ. ಪೆಟ್ಟಿಗೆಯ ತಳಕ್ಕೆ ಇಟ್ಟಿಗೆ ಚೂರು ಹಾಸಿ, ಮಣ್ಣು ಕೆಳಗಿಳಿಯದಂತೆ ಸೊಳ್ಳೆಪರದೆ ಹೊದಿಸಿ, ಮೇಲೆ ತೆಂಗಿನ ನಾರಿನ ಪುಡಿ ಬೆರೆಸಿದ ಸಡಿಲ ಮಣ್ಣು ತುಂಬಿದ. ಕೊನೆಗೆ ಒಂದು ಹಿಡಿ ಎರೆಗೊಬ್ಬರ ತೆಗೆದ.

ರಮ್ಯಶ್ರೀ ಫಕ್ಕನೆ ಅವನ ಕೈ ಹಿಡಿದಳು. "ಬೇಡ! ಅವನು ಚರ್ಮದಲ್ಲೇ ನೀರು ಕುಡಿಯೋದು. ಗೊಬ್ಬರ ಮೈಗೆ ತಾಗಿದ್ರೆ ಉರಿಯುತ್ತೆ. ಆ ಗಿಡಕ್ಕೆ ಔಷಧಿ ಹೊಡೆದಿಲ್ಲ ತಾನೆ?"

"ಇಲ್ಲ ಮೇಡಂ. ಬೇರ್ನೂ ತೊಳ್ದೇ ತಂದಿವ್ನಿ. ಆದ್ರೆ ಗೊಬ್ಬರದ್ ವಿಚಾರ ಗೊತ್ತಿರ್ಲಿಲ್ಲ..."

ಹಿಡಿದ ಕೈಯನ್ನು ಬಿಡುವುದು ಇಬ್ಬರಿಗೂ ಮರೆತಿತ್ತು!

ಆಮೇಲೆ ಪ್ರತಿ ಭಾನುವಾರವೂ ಪ್ರೀತಮನಿಗೆ ಬ್ಲಫ್‌ನಲ್ಲಿ ಏನಾದರೊಂದು ಕೆಲಸ. ಒಮ್ಮೆ ಪಾಚಿ ತಂದ. ಒಮ್ಮೆ ಒಣಗಿದೆಲೆ. ಮತ್ತೊಮ್ಮೆ ಹೊರಟವನನ್ನು ಅಪ್ಪ ತಡೆದು ಕೇಳಿದರು, "ಕಪ್ಪೆಗ್ಯಾಕ್ಲಾ ಮಲ್ಲಿಗೆ ಗಿಡ?"

ಪ್ರೀತಂ ಕಿವಿಯವರೆಗೂ ಕೆಂಪಾದ.

ಒಂದು ಮಧ್ಯಾಹ್ನ ರಮ್ಯಶ್ರೀ ಡ್ಯೂಟಿಯಿಂದ ಬಂದಾಗ ಪೆಟ್ಟಿಗೆಯ ಮಣ್ಣಿನ ಮೇಲೆ ಕಪ್ಪೆಯೇ ಇಲ್ಲ! ಹುಳ ಹಾಕಿದರೂ ಯಾರೂ ಬರಲಿಲ್ಲ. ಸತ್ತ ಕಪ್ಪೆ ಕೈಗೆ ಸಿಕ್ಕೀತೆಂದು ಮಣ್ಣು ಕೆದಕಲು ಅವಳಿಗೆ ಧೈರ್ಯ ಬರಲಿಲ್ಲ. ಫೋನ್ ತೆಗೆದವಳೇ ಚೀರಿದಳು.

"ಏನ್ ಔಷಧಿ ಹೊಡ್ದಿದ್ರಿ ಆ ಗಿಡಕ್ಕೆ? ಮುದ್ದಯ್ಯ ಮಣ್ಣೊಳಗೇ ಸತ್ತು ಬಿದ್ದವ್ನೆ ಅನ್ಸುತ್ತೆ! ಕಪ್ಪೆ ಕಂಡ್ರೆ ಆಗಲ್ಲ ಅಂತ ಬೇಕಂತಲೇ ಮಾಡಿದ್ರಿ!"

"ನಾನು ಅಂಥೋನಾ ಮೇಡಂ?" ಪ್ರೀತಮನ ದನಿ ಒಡೆಯಿತು. ಫೋನ್ ಕಟ್ಟಾಯಿತು.

ಕುಂಡದ ಪಕ್ಕ ಮುಖ ಊದಿಸಿಕೊಂಡು ಕೂತ ಮಗನನ್ನು ಮುದ್ದಯ್ಯ ಸ್ವಲ್ಪ ಹೊತ್ತು ನೋಡಿದರು.

"ಓಗ್ಲಾ. ಒಬ್ಳೇ ಇರೋ ಎಣ್ಣು, ಬಯಕ್ಕೆ ಬಯ್ದವ್ಳೆ. ನಂಗೂ ಅಂಥ ಬಾಯಿರೋ ಸೊಸೇನೇ ಬೇಕು."

ಪ್ರೀತಂ ಬೈಕು ಹತ್ತಿದ.

ಬಾಗಿಲು ತೆರೆದ ರಮ್ಯಶ್ರೀಯ ಕಣ್ಣು ಊದಿದ್ದವು. ಅವನು ಸೀದಾ ಹೋಗಿ ಪೆಟ್ಟಿಗೆಯ ಮುಂದೆ ಕೂತ. ಕಣ್ಣು ಮುಚ್ಚಿದ. ಹಲ್ಲು ಕಚ್ಚಿದ. ಬರಿಗೈಯನ್ನು ಮಣ್ಣಿಗಿಳಿಸಿದ.

"ಅಯ್ಯಯ್ಯಪ್ಪೋ!"

ಕೈ ಮೇಲೆ ಬಂದಾಗ ತೋರುಬೆರಳಿನ ತುದಿಗೆ ಮುದ್ದಯ್ಯ ನೇತಾಡುತ್ತಿದ್ದ. ದುಂಡಗೆ, ದಷ್ಟಪುಷ್ಟವಾಗಿ! ಮಣ್ಣು ಮೆತ್ತಗಾದದ್ದೇ ತಡ, ಮಹಾರಾಯ ಆಳಕ್ಕೆ ತೋಡಿಕೊಂಡು ನೆಮ್ಮದಿಯಾಗಿ ಮಲಗಿದ್ದ.

"ಬದುಕವ್ನೆ!" ರಮ್ಯಶ್ರೀ ಕುಣಿದಳು. "ಎಳೀಬೇಡಿ, ಅವನಿಗೆ ನೋವಾಗುತ್ತೆ!"

"ಅವ್ನಿಗಾ?! ನನ್ ಬೆಳ್ಳು ಮೇಡಂ!"

ಅವಳು ಅವನ ಕೈಯನ್ನು ಕಪ್ಪೆ ಸಮೇತ ನೀರಿನ ಬೋಗುಣಿಯಲ್ಲಿ ಅದ್ದಿದಳು. ಮುದ್ದಯ್ಯ ಯೋಚಿಸಿ, ನಿಧಾನವಾಗಿ ಬಾಯಿ ಬಿಟ್ಟ.

ರಮ್ಯಶ್ರೀ ಅವನ ಬೆರಳಿಗೆ ಔಷಧಿ ಹಚ್ಚಿ ಬಟ್ಟೆ ಸುತ್ತತೊಡಗಿದಳು. "ತಪ್ಪಾಯ್ತು... ಏನೇನೋ ಅಂದ್ಬುಟ್ಟೆ."

"ಬುಡಿ ಮೇಡಂ."

"ಅಷ್ಟು ಭಯ ಇಟ್ಕೊಂಡು ಕೈ ಯಾಕೆ ಹಾಕಿದ್ರಿ?"

"ನೀವು ಅಳ್ತಿದ್ರಲ್ಲ..." ಅವನು ನೆಲ ನೋಡಿದ. "ನೀವು ಅತ್ರೆ ನಂಗೆ ಇನ್ನೂ ಬಯ ಆಯ್ತದೆ. ನಿಮ್ಮನ್ನ ಮದ್ವೆ ಆಗ್ಬೇಕು ಅಂತ ಆಸೆ. ಇಷ್ಟ ಇಲ್ದಿದ್ರೆ ಏಳ್ಬುಡಿ, ಓಯ್ತೀನಿ."

ರಮ್ಯಶ್ರೀ ಬಟ್ಟೆಯ ಗಂಟು ಬಿಗಿದಳು. ಬೆರಳನ್ನು ಮಾತ್ರ ಬಿಡಲಿಲ್ಲ.

"ನಾಳೆನೂ ಬತ್ತೀರಾ?"

"ನಾಳೆ ಏನ್ ಕೆಲ್ಸ ಮೇಡಂ?"

"ಏನೂ ಇಲ್ಲ." ಅವಳ ತುಟಿಯಂಚಿನಲ್ಲಿ ನಗು. "ಸುಮ್ನೆ... ನನ್ ಹತ್ರ ಕೂತ್ಕೊಳ್ಳೋಕೆ."

"...ಬತ್ತೀನಿ."